ಆಯಿಯ ಕಷಾಯ ಕೊಲಂಬೊ ಕಂಡದ್ದು

ಬ್ಯಾಡಗಿ

ಮೊದಲೇ ಹೇಳಿಬಿಡುತ್ತೇನೆ, ನಾನು ಡಾಕ್ಟರನಲ್ಲ. ಮ್ಯಾಟ್ರಿಕ್ ಆದಮೇಲೆ ಓದು ನಿಂತಿತು. ಈಗ ರಾಣೆಬೆನ್ನೂರಿನ ಒಂದು ಗಿಡಮೂಲಿಕೆ ಅಂಗಡಿಯಲ್ಲಿ ಕೂತು ಬೇರು, ಕಾಯಿ, ತೊಗಟೆ ತೂಗಿ ಕೊಡುತ್ತೇನೆ. ನನಗೆ ಬರುವ ವಿಜ್ಞಾನವೆಲ್ಲ ಹಾವೇರಿಯ ವಾಚನಾಲಯದ ಹಳೆಯ ಇಂಗ್ಲಿಷ್ ಮಾಸಪತ್ರಿಕೆಗಳಿಂದ ಬಂದದ್ದು, ಅದೂ ಪಕ್ಕದಲ್ಲಿ ನಿಘಂಟು ಇಟ್ಟುಕೊಂಡು. ಅಂಥ ಒಂದು ಪತ್ರಿಕೆಯಲ್ಲಿಯೇ ಪೆನಿಸಿಲಿನ್ ವಿಷಯ ಓದಿದೆ. ಹಳಸಿದ ರೊಟ್ಟಿಯ ಮೇಲೆ ಬೆಳೆಯುವಂಥ ಬೂಸ್ಟಿನ ರಸ ರೋಗದ ಕ್ರಿಮಿಯನ್ನು ಕೊಲ್ಲುತ್ತದಂತೆ! ಬೂಸ್ಟಿಗೇ ಅಷ್ಟು ತಾಕತ್ತು ಇದ್ದರೆ ನಮ್ಮ ಮನೆಯ ದಾಳಿಂಬೆ ಸಿಪ್ಪೆಗೆ ಯಾಕಿರಬಾರದು ಅನ್ನುವುದು ಅವತ್ತು ತಲೆಗೆ ಹೊಕ್ಕಿದ್ದು, ಇವತ್ತಿಗೂ ಹೊರಗೆ ಬಂದಿಲ್ಲ.

ದಾಳಿಂಬೆ ಸಿಪ್ಪೆಯ ಕಷಾಯ ನಮ್ಮ ಆಯಿಯದು. ಆಯಿ ಎಂದರೆ ತಂದೆಯ ತಾಯಿ. ಬ್ಯಾಡಗಿಯ ನಮ್ಮ ಓಣಿಯಲ್ಲಿ ಯಾರಿಗೆ ರಕ್ತಭೇದಿ ಹತ್ತಿದರೂ ಮೊದಲು ನಮ್ಮ ಬಾಗಿಲಿಗೇ ಬರುತ್ತಾರೆ. ಒಣಗಿಸಿದ ಸಿಪ್ಪೆಯನ್ನು ಕುಟ್ಟಿ, ನಿಂಬೆಹಣ್ಣು ಹಿಂಡಿ, ತಾಮ್ರದ ಬೋಗೋಣಿಯಲ್ಲಿ ಕುದಿಸಿ, ಇಡೀ ರಾತ್ರಿ ಅದರಲ್ಲೇ ಇಟ್ಟು ಬೆಳಿಗ್ಗೆ ಕುಡಿಸಬೇಕು. ಮನೆಯ ಬೇರೆ ತಾಮ್ರದ ಪಾತ್ರೆಗಳಿಗೆಲ್ಲ ವರ್ಷಕ್ಕೊಮ್ಮೆ ಒಳಗೆ ತವರದ ಕಲಾಯಿ ಆಗುತ್ತದೆ. ಈ ಬೋಗೋಣಿಗೆ ಮಾತ್ರ ಕಲಾಯಿಯವನ ಕೈ ತಾಗಿಸುವಂತಿಲ್ಲ. ಕಲಾಯಿ ಹಾಕಿದರೆ ತಾಮ್ರದ ಗುಣ ಮುಚ್ಚಿಹೋಗುತ್ತದೆ ಎಂದು ಆಯಿಯ ಮಾತು. ಕುಡಿದ ಮೇಲೆ ಕೆಲವರಿಗೆ ವಾಂತಿಯಾಗುತ್ತಿತ್ತು. ಒಳಗಿನ ಹೊಲಸು ಹೊರಗೆ ಬಂತು, ಒಳ್ಳೇದೇ ಆಯಿತು ಅನ್ನುತ್ತಿದ್ದಳು.

ಹೋದ ಮಳೆಗಾಲದಲ್ಲಿ ಓಣಿಯ ಒಬ್ಬರು ಮುದುಕರು ರಕ್ತಭೇದಿಯಿಂದ ತೀರಿಕೊಂಡರು. ಅವರ ಮಗ ನಮ್ಮ ಕಟ್ಟೆಯ ಮೇಲೆ ಕೂತು, ಸಿಟ್ಟಿನಿಂದಲ್ಲ, ಸುಮ್ಮನೆ ಅಂದ: "ನಿಮ್ಮ ನೀರು ಕುಡಿಸಿಕೋತ ಹೊತ್ತು ಕಳದ್ವಿ ಅನಸ್ತೈತಿ ಆಯೀ." ಮೂರನೇ ದಿನ ಆಯಿ ನನ್ನನ್ನು ಕರೆದಳು.

"ನೀ ಏನೇನೋ ಓದ್ತೀಯಲ್ಲೋ ತಮ್ಮಾ. ಇದನ್ನ ಪರೀಕ್ಷಾ ಮಾಡೋ ಜಾಗಾ ಎಲ್ಲೆರ ಐತೇನು?"

"ಹುಡಕ್ತೀನಿ ಆಯೀ."

"ಹುಡುಕು. ಖರೇ ಇದ್ರ ಖರೇ ಅಂತ ಬಂದು ಹೇಳು. ಸುಳ್ಳಿದ್ರ ಸುಳ್ಳಂತ ಹೇಳು, ನಾ ಕೊಡೂದು ಬಿಡ್ತೀನಿ. ನನ್ನ ಮುಖಾ ನೋಡಿ ಮಾತು ತಿರುಗಿಸಬ್ಯಾಡ. ಮಂದಿ ಜೀವದಾಗ ನಂದೇನು ಹಟಾ ಇಲ್ಲ."

ನಾನು ಸಿಕ್ಕ ಸಿಕ್ಕ ಪ್ರಯೋಗಶಾಲೆಗೆಲ್ಲ ಕಾಗದ ಬರೆದೆ. ಬಹಳ ಮಂದಿ ಉತ್ತರ ಕೊಡಲಿಲ್ಲ. ಕೊಲಂಬೊದಿಂದ ಒಂದು ಕಾರ್ಡು ಬಂತು. ಅಲ್ಲಿ ಸೋಮದಾಸ ಎನ್ನುವ ಡಾಕ್ಟರು ಹೊಟ್ಟೆಯ ರೋಗಗಳಿಗೆ ಗಿಡಗಳಲ್ಲಿ ಮದ್ದು ಹುಡುಕುತ್ತಿದ್ದರು. "ತಂದರೆ ನೋಡುತ್ತೇನೆ" ಎಂದು ಒಂದೇ ಸಾಲು. ತರುವುದು ಹೇಗೆ? ಅದಕ್ಕೆ ದೇವರೇ ನಮ್ಮ ಸೋದರಮಾವನನ್ನು ಸೃಷ್ಟಿಸಿದ್ದು. ಶಿವಲಿಂಗಪ್ಪ ಮಾವ ಮೆಣಸಿನಕಾಯಿ ವ್ಯಾಪಾರಿ. ಮಹಾಯುದ್ಧ ಮುಗಿದ ಮರುವರ್ಷ, ಕೊಲಂಬೊದ ತನ್ನ ಹಳೆಯ ಗಿರಾಕಿಯನ್ನು ಮತ್ತೆ ಕಾಣಲು ಹೊರಟಿದ್ದ. "ಬಾ, ಇಂಗ್ಲಿಷ್ ಮಾತಾಡಾಕ ಒಬ್ಬಾಂವ ಬೇಕು" ಎಂದ. ನಾನು ಇಂಗ್ಲಿಷನ್ನು ಓದಿದ್ದೆನೇ ಹೊರತು ಜನ್ಮದಲ್ಲಿ ಮಾತಾಡಿರಲಿಲ್ಲ. ಅದನ್ನು ಹೇಳಲಿಲ್ಲ.

ರೈಲು

ಕಷಾಯದ ನಾಲ್ಕು ಶೀಸೆ, ಒಣ ಸಿಪ್ಪೆಯ ಒಂದು ಗಂಟು. ಗಂಟನ್ನು ಮಾವ ತನ್ನ ಮಾದರಿ ಮೆಣಸಿನಕಾಯಿ ಚೀಲದೊಳಗೇ ತುರುಕಿದ್ದ. ಹರಿಹರದ ಸೇತುವೆಯ ಮೇಲೆ ತುಂಗಭದ್ರೆಗೆ ಕೈಮುಗಿಯುವ ಹೊತ್ತಿಗಾಗಲೇ ಡಬ್ಬಿಯಲ್ಲಿ ಒಬ್ಬರಾದಮೇಲೊಬ್ಬರು ಸೀನಲು ಶುರುಮಾಡಿದ್ದರು. ಬೆಂಗಳೂರು ದಾಟಿದಮೇಲೆ ನಮ್ಮ ಬೆಂಚಿಗೆ ಯಾರೂ ಬರಲಿಲ್ಲ. ಮದ್ರಾಸಿನತನಕ ಕಾಲು ಚಾಚಿ ಮಲಗಿದೆವು. ನಮ್ಮೂರ ಬೆಳೆಯ ಉಪಕಾರ ನೆನೆದೆ.

ಮದ್ರಾಸಿನಿಂದ ಮತ್ತೊಂದು ರೈಲು, ದಕ್ಷಿಣದ ತುದಿಗೆ. ನೆಲ ಬೋಳಾಗುತ್ತ ಹೋಯಿತು. ತಾಳೆಮರ, ಮರಳು, ಉಪ್ಪುಗಾಳಿ. ನಮ್ಮ ಕರಿನೆಲ ಕಂಡವರಿಗೆ ಈ ಬಿಳಿನೆಲ ನೋಡಿದರೆ ಇಲ್ಲಿ ಜನ ಏನು ಬಿತ್ತುತ್ತಾರೆ ಎನ್ನುವುದೇ ಚಿಂತೆ. ಮಾವ ಒಂದೇ ಮಾತಿನಲ್ಲಿ ತೀರ್ಮಾನ ಮಾಡಿದ: "ಇಲ್ಲಿ ಜ್ವಾಳಾ ಬರೂದಿಲ್ಲ. ಹಂಗಾದ್ರ ಇದು ಮನಷ್ಯಾರು ಇರೋ ಜಾಗಾ ಅಲ್ಲ."

ಮಂಡಪಂ

ಸಿಲೋನಿಗೆ ಹೋಗುವ ಮೂರನೇ ದರ್ಜೆಯವರನ್ನು ಇಲ್ಲಿಯ ಕ್ಯಾಂಪಿನಲ್ಲಿ ಕೆಲವು ದಿನ ಇಟ್ಟುಕೊಂಡು, ಕಾಲರಾ ಸಿಡುಬು ಯಾವುದೂ ಇಲ್ಲವೆಂದು ಖಾತ್ರಿಯಾದಮೇಲೆ ದಾಟಿಸುತ್ತಾರೆ. ಸಾಮಾನು ತಪಾಸಣೆಗೆ ಬಂದ ಕಂಪೌಂಡರ್ ನನ್ನ ಶೀಸೆ ಎತ್ತಿ ಹಿಡಿದು "ಏನಿದು?" ಎಂದು ಇಂಗ್ಲಿಷಿನಲ್ಲಿ ಕೇಳಿದರು. ನನ್ನ ಬಾಯಿಂದ ಹೊರಟ ಮೊಟ್ಟಮೊದಲ ಇಂಗ್ಲಿಷ್ ವಾಕ್ಯ ಅದು, ಹೆಮ್ಮೆಯಿಂದ ಹೇಳಿದೆ: "ರಕ್ತಭೇದಿಯ ಔಷಧ."

ರೋಗ ಹುಡುಕಲೆಂದೇ ಕಟ್ಟಿದ ಜಾಗದಲ್ಲಿ ನಿಂತು ಹೇಳುವ ಮಾತೇ ಅದು? ಕಂಪೌಂಡರು ಒಂದು ಹೆಜ್ಜೆ ಹಿಂದೆ ಸರಿದರು. "ಯಾರಿಗೆ ರಕ್ತಭೇದಿ?" ಯಾರಿಗೂ ಇಲ್ಲ ಎಂದು ನಾನು ಎಷ್ಟು ಜೋರಾಗಿ ಹೇಳಿದೆನೋ ಅವರ ಅನುಮಾನ ಅಷ್ಟು ಬೆಳೆಯಿತು. ಉಳಿದವರೆಲ್ಲ ಹೊರಟುಹೋದರೂ ನಾವಿಬ್ಬರು ಇನ್ನೂ ಎರಡು ದಿನ ಅಲ್ಲೇ ಉಳಿದೆವು. ದಿನಾ ಬೆಳಿಗ್ಗೆ ಒಬ್ಬರು ಬಂದು ಮಾವನ ಮಲದ ವಿಚಾರ ಕೇಳುತ್ತಿದ್ದರು.

"ಬ್ಯಾಡಗಿ ಪ್ಯಾಟ್ಯಾಗ ನನ್ನ ಕಂಡ್ರ ಮಂದಿ ಎದ್ದು ನಿಂದರ್ತಾರ," ಮಾವ ನನ್ನ ಕಡೆ ನೋಡದೆ ಹೇಳಿದ. "ಇಲ್ಲಿ ನೋಡು, ನನಗ ಏನೇನ ಕೇಳ್ತಾರ! ನಾಲಿಗಿ ಹಿಡದು ಮಾತಾಡಾಕ ಬರೂದಿಲ್ಲೇನಲೇ ನಿನಗ?"

"ತಪ್ಪಾತು ಮಾವಾ."

"ಊರಾಗ ಇದನ್ನ ಬಾಯಿ ಬಿಟ್ಟೀ ಅಂದ್ರ ನೋಡು ಮತ್ತ."

ಮಾವ ಓದುವುದು ಪೇಟೆಧಾರಣೆ ಮಾತ್ರ, ಹಾಗಾಗಿ ಇಲ್ಲಿ ಬರೆಯುವುದಕ್ಕೆ ಅಡ್ಡಿಯಿಲ್ಲ.

ನೀರಿನ ಮೇಲೆ

ಧನುಷ್ಕೋಡಿಯಿಂದ ಹಡಗು. ಸಮುದ್ರ ದಾಟಿದೆ ಎಂದು ಹೇಳಿಕೊಳ್ಳುವುದಕ್ಕೆ ಬಹಳ ಸಣ್ಣ ಸಮುದ್ರ. ಆದರೂ ಅರ್ಧ ದಾರಿಯಲ್ಲಿ ಎರಡೂ ದಂಡೆ ಕಾಣದ ಒಂದು ಗಳಿಗೆ ಬರುತ್ತದೆ. ಮಾವ ಕಟಕಟೆ ಹಿಡಿದು ಕಾರಿಕೊಳ್ಳುತ್ತಿದ್ದ. "ಸ್ವಲ್ಪ ಆಯಿ ಕಷಾಯ ಕೊಡ್ಲೇನು?" ಎಂದೆ. "ಅದನ್ನ ಕುಡದ್ರ ಇನ್ನೂ ಜೋರ ಬರ್ತೈತಲೇ!" ಎಂದು ಕೂಗಿದ. ನಕ್ಕೆ. ಆ ಮಾತನ್ನು ಅಲ್ಲಿಯೇ ನಿಂತು ಯೋಚಿಸಬೇಕಾಗಿತ್ತು. ಯೋಚಿಸಲಿಲ್ಲ. ನನಗೆ ಶೀಸೆಗಳದೇ ಸಂಭ್ರಮ. ಇಷ್ಟು ದಿನವಾದರೂ, ಇಷ್ಟು ಸೆಕೆಯಲ್ಲೂ, ಒಂದರಲ್ಲೂ ಬೂಸ್ಟು ಹಿಡಿದಿರಲಿಲ್ಲ.

ಕೊಲಂಬೊ

ಊರು ಹಸಿರು. ಎಲ್ಲಿ ನೋಡಿದರೂ ತೆಂಗು, ಮತ್ತೆ ಚಹಾದ ಅಂಗಡಿ. ನಾವು ತಮಿಳು ವ್ಯಾಪಾರಿ ಚೆಟ್ಟಿಯಾರರ ಒಂದು ಸಸ್ಯಾಹಾರಿ ಛತ್ರದಲ್ಲಿ ಇಳಿದೆವು, ಯಾಕೆಂದರೆ ಹೊರಗೆ ಬದನೆಕಾಯಿ ಪಲ್ಯದಲ್ಲೂ ಒಣಮೀನಿನ ಪುಡಿ ಇರುತ್ತದೆ. ಮಾವ ಮನೆಯಿಂದ ತಂದ ಒಣ ಕಟಕ್ ರೊಟ್ಟಿ, ಶೇಂಗಾ ಚಟ್ನಿಪುಡಿಯ ಡಬ್ಬಿಯನ್ನು ತಲೆಯ ಕೆಳಗೆ ಇಟ್ಟುಕೊಂಡು ಮಲಗುತ್ತಿದ್ದ. ಆದರೆ ಎಮ್ಮೆಯ ಮೊಸರಿಗೆ ಬೆಲ್ಲದ ಪಾಕ ಹಾಕಿ ಮಣ್ಣಿನ ಕುಡಿಕೆಯಲ್ಲಿ ಕೊಡುತ್ತಾರಲ್ಲ, ಅದಕ್ಕೆ ಮಾತ್ರ ಮಾವ ಸೋತ. ಎರಡು ಕುಡಿಕೆ ಮುಗಿಸಿ, "ಇವರಿಗೂ ಒಂದಿಷ್ಟು ತಿಳೀತೈತಿ" ಎಂದು ಒಪ್ಪಿಕೊಂಡ.

ಇಲ್ಲಿಯವರು ಖಾರ ತಿನ್ನುವುದನ್ನು ನೋಡಿ ನಾವು ಬ್ಯಾಡಗಿಯವರೇ ಬೆರಗಾದೆವು. ಮಾವನ ಗಿರಾಕಿ ನಮ್ಮ ಮೆಣಸಿನಕಾಯಿಯನ್ನು ಮುರಿದು ನಾಲಿಗೆಗೆ ಹಚ್ಚಿಕೊಂಡು, "ಬಣ್ಣ ಬಹಳ ಚಂದ, ಶೇಟಜೀ. ಖಾರ ಎಲ್ಲಿದೆ?" ಎಂದು ಹಿಂದುಸ್ತಾನಿಯಲ್ಲಿ ಕೇಳಿದ. ಅವತ್ತು ಮಾವ ರೊಟ್ಟಿಯನ್ನೂ ಮುಟ್ಟಲಿಲ್ಲ.

ತಟ್ಟೆಯಲ್ಲಿ ಬಯಲು

ಪ್ರಯೋಗಶಾಲೆ ಎಂದರೆ ನಾನು ಅರಮನೆಯಂಥದನ್ನು ಊಹಿಸಿದ್ದೆ. ಮೂರು ಕೋಣೆ, ಹೊರಗೆ ಒಂದು ಹಲಸಿನ ಮರ. ಡಾಕ್ಟರ್ ಸೋಮದಾಸರು ಕೃಶ ಶರೀರದ, ಮೆಲುಮಾತಿನ ಮುದುಕರು. ನನ್ನ ಇಂಗ್ಲಿಷನ್ನು ಕಣ್ಣುಮುಚ್ಚಿ ಕೇಳಿಸಿಕೊಂಡು, ಅದರೊಳಗಿನ ಅರ್ಥವನ್ನಷ್ಟೇ ಹೆಕ್ಕಿಕೊಂಡರು. ಕೆಲಸ ಮಾಡುವವರು ಮಿಸ್ ಪೂಮಣಿ ಎನ್ನುವ ತಮಿಳು ಹೆಂಗಸು. ನನಗಿಂತ ಐದಾರು ವರ್ಷ ದೊಡ್ಡವರಿರಬೇಕು. ನಗು ಅಪರೂಪ, ಪ್ರಶ್ನೆ ಧಾರಾಳ.

ಅವರು ನನ್ನ ಕಣ್ಣೆದುರೇ ಮಾಡಿ ತೋರಿಸಿದರು. ಗಾಜಿನ ತಟ್ಟೆಯಲ್ಲಿ ಹಾಲುಬಾಯಿಯ ಹಾಗೆ ಹೆಪ್ಪುಗಟ್ಟಿದ ಒಂದು ಹಾಸು. ಅದರ ಮೇಲೆ ರಕ್ತಭೇದಿಯ ಕ್ರಿಮಿಗಳನ್ನು ಬಿತ್ತುತ್ತಾರೆ, ನಾವು ಮೆಂತ್ಯ ಚೆಲ್ಲಿದ ಹಾಗೆ. ನಡುವೆ ಸಣ್ಣ ಗುಂಡಿ ಕೊರೆದು ಅದರಲ್ಲಿ ಔಷಧ ಹಾಕಿ, ಮೈಯ ಬಿಸಿಯಷ್ಟೇ ಬಿಸಿ ಇರುವ ಪೆಟ್ಟಿಗೆಯಲ್ಲಿಟ್ಟರೆ ಮರುದಿನಕ್ಕೆ ಕ್ರಿಮಿ ಮಂಜಿನಂತೆ ತಟ್ಟೆ ತುಂಬ ಬೆಳೆದಿರುತ್ತದೆ. ಔಷಧಕ್ಕೆ ಸತ್ವ ಇದ್ದರೆ ಗುಂಡಿಯ ಸುತ್ತ ಏನೂ ಬೆಳೆಯದ ಬಯಲು ಉಳಿಯುತ್ತದೆ. ತಟ್ಟೆಯ ಮುಚ್ಚಳದ ಮೇಲೆ ಮೇಣದ ಪೆನ್ಸಿಲಿನಿಂದ ಅವರು ಇಂಗ್ಲಿಷಿನಲ್ಲಿ ಬರೆದರು: ಬ್ಯಾಡಗಿ. ನಮ್ಮೂರ ಹೆಸರನ್ನು ಮೆಣಸಿನಕಾಯಿ ಚೀಲವಲ್ಲದೆ ಬೇರೆ ವಸ್ತುವಿನ ಮೇಲೆ ಬರೆದದ್ದನ್ನು ನಾನು ಕಂಡದ್ದು ಅವತ್ತೇ ಮೊದಲು.

ಮರುದಿನ ಮಾವನನ್ನೂ ಎಳೆದುಕೊಂಡು ಹೋದೆ. ಪೂಮಣಿಯವರು ತಟ್ಟೆಯನ್ನು ಬೆಳಕಿಗೆ ಹಿಡಿದರು. ಬಯಲು! ಬೆಳ್ಳಿ ರೂಪಾಯಿಯಷ್ಟು ಅಗಲದ ಬಯಲು!

"ಏನದು? ಏನಾತು?" ಮಾವ ಇಣುಕಿದ.

"ಆಯಿ ಗೆದ್ಲು ಮಾವಾ!"

ಮಾವ ಪೂಮಣಿಯವರಿಗೆ ಕೈಮುಗಿದು ಅಚ್ಚ ಕನ್ನಡದಲ್ಲಿ, "ನಮ್ಮ ಮನಿತನದ್ದ ಐತ್ರಿ ಇದು ತಂಗೀ, ನಾಕು ತಲಿಮಾರಿಂದು" ಎಂದ. ಕಷಾಯ ನನ್ನ ತಂದೆಯ ಮನೆಯದು, ಮಾವನ ಮನೆತನಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಆ ಹೊತ್ತಿನಲ್ಲಿ ಅದನ್ನೆಲ್ಲ ಯಾರು ನೋಡುತ್ತಾರೆ?

ಪೂಮಣಿಯವರು ಮಾತ್ರ ಹಿಗ್ಗಲಿಲ್ಲ. "ಬಯಲು ಬಹಳ ದೊಡ್ಡದು," ಎಂದು ತಮ್ಮಷ್ಟಕ್ಕೇ ಹೇಳಿಕೊಂಡು, ಒಂದು ತಂತಿಯನ್ನು ಕಷಾಯದಲ್ಲಿ ಅದ್ದಿ, ಮತ್ತೇನೋ ಒಂದು ಹನಿ ಆಮ್ಲ ತಾಗಿಸಿ, ದೀಪದ ಉರಿಗೆ ಹಿಡಿದರು. ಉರಿ ಹಸಿರಾಯಿತು. ಎಳೆ ಭತ್ತದ ಹಸಿರು. ನಾನು ಚಂದವಾಗಿದೆ ಎಂದುಕೊಂಡೆ.

"ಇದನ್ನು ಕುದಿಸಿದ್ದು ಯಾವ ಪಾತ್ರೆಯಲ್ಲಿ?"

ಹೇಳಿದೆ. ಕಲಾಯಿ ಇಲ್ಲದ್ದು ಎನ್ನುವುದನ್ನೂ ಅಭಿಮಾನದಿಂದಲೇ ಹೇಳಿದೆ.

"ನಿಂಬೆ ಹಿಂಡಿ, ರಾತ್ರಿಯೆಲ್ಲ ಅದರಲ್ಲೇ ಇಟ್ಟು?" ಅವರು ತಂತಿ ಕೆಳಗಿಟ್ಟರು. "ಹುಳಿಗೆ ತಾಮ್ರ ಕರಗಿದೆ. ಉರಿ ಹಸಿರಾದದ್ದು ಅದಕ್ಕೇ. ತಾಮ್ರ ಕ್ರಿಮಿಯನ್ನು ಕೊಲ್ಲುತ್ತದೆ. ಈ ಬಯಲು ಸಿಪ್ಪೆಯದೋ ತಾಮ್ರದ್ದೋ, ಹೇಗೆ ಹೇಳುತ್ತೀರಿ?"

ನಾನು ತಟ್ಟೆಯ ಕಡೆ ಮತ್ತೊಮ್ಮೆ ಬಗ್ಗಿದೆ. ಅವರು ಬಿಡಲಿಲ್ಲ: "ಕುಡಿದವರಿಗೆ ವಾಂತಿಯಾಗುತ್ತದೆಯೇ?"

ಹಡಗಿನ ಮೇಲೆ ಮಾವ ಕೂಗಿದ್ದು ಆಗ ಕಿವಿಗೆ ಬಿತ್ತು. ಆಗುತ್ತದೆ ಎಂದು ತಲೆಯಾಡಿಸಿದೆ.

ಹೊರಗೆ ಹಲಸಿನ ಮರದ ಕೆಳಗೆ ಮಾವನಿಗೆ ಎಲ್ಲ ಬಿಡಿಸಿ ಹೇಳಿದೆ. ಅವನು ವೀಳ್ಯದೆಲೆಗೆ ಸುಣ್ಣ ಹಚ್ಚಿದ.

"ಒಂದ ಕೆಲಸಾ ಮಾಡು," ಎಂದ. "ಬಯಲಾತು ಅಂತ ಹೇಳು. ಅಷ್ಟು ಖರೇನ ಐತೆಲ್ಲ? ತಾಮ್ರದ ಸುದ್ದಿ ಯಾಕ ಬೇಕು? ಮುದುಕಿ ಈ ವಯಸ್ಸಿನ್ಯಾಗ ಇದನ್ನ ತಡಕೊಳ್ತಾಳೇನಲೇ?"

"ಮಾತು ತಿರುಗಿಸಬ್ಯಾಡ ಅಂದಾಳ ಮಾವಾ."

"ಅನ್ನೂದು ಬ್ಯಾರೆ, ಕೇಳೂದು ಬ್ಯಾರೆ."

ಮಾವ ಕೆಟ್ಟವನಲ್ಲ. ಆಯಿಯ ಮೇಲಿನ ಮರುಕಕ್ಕೆ ಹಾಗಂದ. ಖರೇ ಹೇಳುತ್ತೇನೆ, ಒಂದು ಕ್ಷಣ ನನಗೂ ಅದೇ ಸರಿ ಅನಿಸಿತು.

ಹೊಸ ಗಡಿಗೆ

ಆಮೇಲೆ ಎದ್ದು ಒಳಗೆ ಹೋಗಿ, "ಸಿಪ್ಪೆಯ ಗಂಟು ಇದೆ, ಮತ್ತೆ ಕುದಿಸೋಣ" ಎಂದೆ. ಪೂಮಣಿಯವರು ಮೊದಲ ಸಲ ನಕ್ಕರು. ಕೊಲಂಬೊದಲ್ಲಿ ಅಡುಗೆಗೆ ಮಣ್ಣಿನ ಗಡಿಗೆಯೇ ಹೆಚ್ಚು, ಹಾಗಾಗಿ ಪಾತ್ರೆ ಹುಡುಕುವ ಕಷ್ಟವಾಗಲಿಲ್ಲ. ಎರಡು ಹೊಸ ಗಡಿಗೆ ತಂದೆವು. ಒಂದರಲ್ಲಿ ಸಿಪ್ಪೆ, ನಿಂಬೆ, ನೀರು. ಇನ್ನೊಂದರಲ್ಲಿ ಸಿಪ್ಪೆಯಿಲ್ಲದೆ ಬರೀ ನಿಂಬೆ, ನೀರು. ಮೂರನೆಯದು ಪೂಮಣಿಯವರ ಹಟ: ಛತ್ರದಿಂದ ಒಂದು ತಾಮ್ರದ ಚೊಂಬು ಬೇಡಿ ತಂದು, ಅದರಲ್ಲೂ ಬರೀ ನಿಂಬೆ, ನೀರು. ನಮ್ಮಲ್ಲಿ ಔಷಧ ಅಂದರೆ ಕುಡಿಸುವುದು, ಗುಣವಾದರೆ ಸರಿ. ಔಷಧವಲ್ಲದ್ದನ್ನೂ ಔಷಧದಷ್ಟೇ ಶ್ರದ್ಧೆಯಿಂದ ಕುದಿಸಿ ಪಕ್ಕದಲ್ಲಿಟ್ಟು ನೋಡಬೇಕೆನ್ನುವುದು ನಾನು ಓದಿದ ಯಾವ ಪತ್ರಿಕೆಯಿಂದಲೂ ತಲೆಗೆ ಹತ್ತಿರಲಿಲ್ಲ. ಈ ಪ್ರವಾಸದಲ್ಲಿ ನಾನು ಕಲಿತದ್ದು ಇದೊಂದೇ ಆದರೂ ಸಾಕು.

ಒಣ ಸಿಪ್ಪೆಗೆ ಮೆಣಸಿನಕಾಯಿ ಚೀಲದ ಘಾಟು ಅಂಟಿತ್ತು. ಪೂಮಣಿಯವರು ಕುಟ್ಟುವಾಗ ಸೀನಿದರು, ಡಾಕ್ಟರು ಸೀನಿದರು, ಪಕ್ಕದ ಕೋಣೆಯಲ್ಲೂ ಯಾರೋ ಸೀನಿದರು. ಬಾಗಿಲಲ್ಲಿ ಕೂತ ಮಾವನ ಮುಖ ಅರಳಿತು. "ಖಾರ ಇಲ್ಲ ಅಂದಾಂವನ್ನ ಇಲ್ಲಿಗೆ ಕರಕೊಂಡು ಬರ್ರಿ ಈಗ!"

ತೊಳೆದು, ಒಣಗಿಸಿ, ಮತ್ತೆ ಕುಟ್ಟಿ ಕುದಿಸಿದ್ದಾಯಿತು. ಮೂರನ್ನೂ ರಾತ್ರಿಯೆಲ್ಲ ಹಾಗೇ ಇಟ್ಟು, ಬೆಳಿಗ್ಗೆ ತಟ್ಟೆಗಳಿಗೆ ಹಾಕಿದೆವು.

ಅದರ ಮರುದಿನ ಬೆಳಿಗ್ಗೆ ಮಾವ ನನ್ನ ಜೊತೆ ಬರಲಿಲ್ಲ. ಪೂಮಣಿಯವರು ಮೂರು ತಟ್ಟೆಗಳನ್ನು ಸಾಲಾಗಿ ಇಟ್ಟು, ನೀವೇ ನೋಡಿ ಎಂದು ಸರಿದು ನಿಂತರು. ತಾಮ್ರದ ಚೊಂಬಿನ ನಿಂಬೆನೀರು: ದೊಡ್ಡ ಬಯಲು. ಗಡಿಗೆಯ ನಿಂಬೆನೀರು: ಏನೂ ಇಲ್ಲ, ಗುಂಡಿಯ ಅಂಚಿನವರೆಗೂ ಮಂಜು. ಗಡಿಗೆಯ ಸಿಪ್ಪೆ ಕಷಾಯ...

ಇತ್ತು. ಹೆಬ್ಬೆರಳ ಉಗುರಿನಷ್ಟು. ಸಣ್ಣದು, ಆದರೆ ಅಂಚು ಕೊಯ್ದಿಟ್ಟ ಹಾಗೆ ಸ್ವಚ್ಛ.

"ಇದು ನಿಮ್ಮ ಸಿಪ್ಪೆಯದು," ಎಂದರು ಪೂಮಣಿಯವರು. "ಇದರಲ್ಲಿ ಬೇರೆ ಯಾರ ಪಾಲೂ ಇಲ್ಲ."

ಡಾಕ್ಟರು ಬಂದು ಭೂತಗನ್ನಡಿಯಲ್ಲಿ ನೋಡಿದರು. ತಟ್ಟೆಯಲ್ಲಿ ಸತ್ತ ಕ್ರಿಮಿ ಹೊಟ್ಟೆಯಲ್ಲೂ ಸಾಯುತ್ತದೆಂದು ಇದರಿಂದ ಹೇಳಲಾಗದು, ರೋಗಿಗೆ ಇದೊಂದನ್ನೇ ನಂಬಿಸಿ ಕೂರಿಸಬಾರದು ಎಂದು ನನ್ನಿಂದ ಎರಡು ಸಲ ಒಪ್ಪಿಸಿಕೊಂಡರು. ಸಿಪ್ಪೆಯೊಳಗೆ ಹತ್ತಾರು ಸತ್ವಗಳಿರುತ್ತವೆ, ಕೊಲ್ಲುವುದು ಯಾವುದೆಂದು ಒಂದೊಂದಾಗಿ ಬೇರ್ಪಡಿಸಿ ನೋಡಬೇಕು, ಅದಕ್ಕೆ ವರ್ಷಗಳೇ ಹಿಡಿಯುತ್ತವೆ ಎಂದರು. ಆಮೇಲೆ, "ಉಳಿದ ಸಿಪ್ಪೆಯನ್ನು ಇಲ್ಲಿ ಬಿಟ್ಟು ಹೋಗುತ್ತೀರಾ?" ಎಂದು ಕೇಳಿದರು.

ಅವರು ನನ್ನನ್ನು ಕೇಳಿದರು! ಗಂಟನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟೆ.

ಮತ್ತೆ ಬ್ಯಾಡಗಿ

ಬರುವ ದಾರಿಯ ಸುದ್ದಿ ಬರೆಯುವುದಿಲ್ಲ. ದಾರಿಯುದ್ದಕ್ಕೂ ನನ್ನ ತಲೆಯಲ್ಲಿ ಇದ್ದದ್ದು ಆಯಿಗೆ ಹೇಗೆ ಹೇಳುವುದು ಎನ್ನುವ ಒಂದೇ ಮಾತು. ಮನೆ ಮುಟ್ಟಿದಾಗ ಆಯಿ ಹಿತ್ತಿಲಲ್ಲಿ ಮೊರ ಹಿಡಿದು ಜೋಳ ಹಸನು ಮಾಡುತ್ತಿದ್ದಳು. ಕೈ ನಿಲ್ಲಿಸದೆ, "ಹೇಳು" ಎಂದಳು.

"ಸಿಪ್ಪಿ ಖರೇ ಐತಿ ಆಯೀ. ತಟ್ಟ್ಯಾಗ ಕ್ರಿಮಿ ಸತ್ತಾವು, ಕಣ್ಣಾರೆ ನೋಡೇನಿ. ಆದ್ರ ಹೊಟ್ಟ್ಯಾಗೂ ಸಾಯ್ತಾವೋ ಇಲ್ಲೋ ಇನ್ನೂ ಗೊತ್ತಿಲ್ಲ. ಬೋಗೋಣಿ ಮಾತ್ರ ತಪ್ಪೈತಿ."

ತಾಮ್ರ ಕರಗುವುದು, ಹಸಿರು ಉರಿ, ಮೂರು ತಟ್ಟೆ, ಎಲ್ಲ ಹೇಳಿದೆ. ಮೊರ ನಿಂತಿತು.

"ಹಂಗಾದ್ರ ವಾಂತಿ?"

"ತಾಮ್ರದ್ದು."

"ಹೊಲಸು ಹೊರಗ ಬಂತು ಅಂತ ಹೇಳ್ತಿದ್ದೆನಲ್ಲೋ ನಾನು," ಎಂದಳು. ಅಷ್ಟೇ. ಕೈಯಲ್ಲಿದ್ದ ಕಾಳುಗಳನ್ನು ಮೊರಕ್ಕೆ ಸುರಿದಳು. ನಾನು ಏನಾದರೂ ಸಮಾಧಾನ ಹೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಸೆರಗು ಝಾಡಿಸಿ ಎದ್ದು, ತಲೆಯ ಮೇಲೆ ಹೊದ್ದು ಹೊರಟೇಬಿಟ್ಟಳು.

ಈ ಕಷಾಯ ಮಾಡುವುದನ್ನು ಆಯಿ ಓಣಿಯ ಎಷ್ಟೋ ಹೆಂಗಸರಿಗೆ ಕಲಿಸಿದ್ದಳು. ಒಂದೊಂದೇ ಬಾಗಿಲ ಮುಂದೆ ನಿಂತು ಕರೆದು ಹೇಳತೊಡಗಿದಳು: "ತಾಮ್ರದಾಗ ಕುದಿಸಬ್ಯಾಡ್ರೆವ್ವಾ, ನಾ ತಪ್ಪು ಹೇಳಿದ್ದೆ. ಮಣ್ಣಿನ ಗಡಿಗ್ಯಾಗ ಕುದಿಸ್ರಿ. ಕಷಾಯಾ ಕುಡಿಸಿ ಸುಮ್ನ ಕುಂದ್ರಬ್ಯಾಡ್ರಿ, ಡಾಕ್ಟರನ್ನೂ ಕರೀರಿ." ತಪ್ಪು ಹೇಳಿದ್ದೆ ಎನ್ನುವಾಗ ದನಿ ಒಂದಿಷ್ಟೂ ತಗ್ಗುತ್ತಿರಲಿಲ್ಲ. ನಾನು ಹಿಂದೆ ಹಿಂದೆ ನಡೆದೆ. ಆ ಸಣ್ಣ ಬಯಲನ್ನು ಕಂಡಾಗಲೂ ನನ್ನ ಎದೆ ಅಷ್ಟು ಉಬ್ಬಿರಲಿಲ್ಲ.

ಐದನೆಯದೋ ಆರನೆಯದೋ ಮನೆ ನೀಲವ್ವನದು. ಆಕೆ ಸೊಂಟದ ಮೇಲೆ ಕೈಯಿಟ್ಟು ಹೊಸ್ತಿಲಲ್ಲೇ ನಿಂತಳು.

"ತಾಮ್ರದಾಗ ಕುದಿಸು ಅಂದಾಕಿನೂ ನೀನ, ಬ್ಯಾಡ ಅನ್ನಾಕಿನೂ ನೀನ. ಯಾವ ಮಾತು ನಂಬಬೇಕ ಆಯೀ ನಾವು?"

"ಈಗಿಂದು ನಂಬು," ಎಂದಳು ಆಯಿ. "ಮದ್ಲಿಂದನ್ನ ನಾ ಪರೀಕ್ಷಾ ಮಾಡಿಸಿ ನೋಡಿರಲಿಲ್ಲ."